ಮಾಮಾನ ತಲೆಯಲ್ಲಿದ್ದ ತಗಡು

ನಮ್ಮ ಹುಬ್ಬಳ್ಳಿ ಮಂದಿಗೆ ಪರದೇಶ ಎರಡು ಬಗೆಯದು. ಒಂದಕ್ಕೆ ಪಾಸ್‌ಪೋರ್ಟ್ ಬೇಕು, ಇನ್ನೊಂದಕ್ಕೆ ಚಪಾತಿ ಮತ್ತು ಶೇಂಗಾ ಚಟ್ನಿಯ ಡಬ್ಬಿ ಇದ್ದರೆ ಸಾಕು. ನಾನು ಹೋಗಿಬಂದದ್ದು ಎರಡನೆಯದಕ್ಕೆ. ತೊಂಬತ್ತರ ದಶಕದ ನಡುಭಾಗ, ಮೊಬೈಲ್ ಫೋನು ಇನ್ನೂ ನಮ್ಮಂಥವರ ಕೈಗೆ ಬಂದಿರಲಿಲ್ಲ. ಅಹಮದಾಬಾದ್, ವಡೋದರಾ, ಸೂರತ್ ಎಂದು ಒಂದೇ ವಾರದಲ್ಲಿ ಮೂರು ಊರು ಅಲೆದೆ. ತಿರುಗಿ ಬಂದಮೇಲೆ ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರೂ ಯಾವ ಗುಡಿ ನೋಡಿದಿರಿ, ಯಾವ ಸೀರೆ ತಂದಿರಿ ಎಂದು ಕೇಳಿದರು. ನಾನು ನೋಡಲು ಹೋದದ್ದು ಒಂದು ತಗಡು. ಅದನ್ನೂ ಕಣ್ಣಾರೆ ನೋಡಲಿಲ್ಲ, ಎಕ್ಸ್‌ರೇಯಲ್ಲಿ ನೋಡಿದೆ. ಅವರಿಗೆ ಏನು ಹೇಳುವುದು? ಸೂರತ್ತಿನಲ್ಲಿ ಸೀರೆ ಬಹಳ ಅಗ್ಗ ಎಂದು ಹೇಳಿ ಪಾರಾದೆ.

ಅಹಮದಾಬಾದ್

ಅಕ್ಕನ ಮನೆ ವಸ್ತ್ರಾಪುರದಲ್ಲಿತ್ತು. ಈಗ ಅಲ್ಲಿಗೆ ಹೋದವರು ಕೆರೆಯ ಸುತ್ತ ದೀಪಗಳು, ಪಕ್ಕದಲ್ಲಿ ಮಾಲು ಎಂದೆಲ್ಲ ವರ್ಣಿಸುತ್ತಾರೆ. ನಾನು ಕಂಡ ಕೆರೆಯಲ್ಲಿ ಎಮ್ಮೆಗಳಿದ್ದವು, ದಂಡೆಯಲ್ಲಿ ಅವುಗಳ ಸಗಣಿ ಇತ್ತು. ಉತ್ತರಾಯಣ ಮುಗಿದು ನಾಲ್ಕು ದಿನವಾಗಿತ್ತು. ನಾವು ಎಳ್ಳುಬೆಲ್ಲ ಹಂಚುವ ಸಂಕ್ರಾಂತಿಗೆ ಅವರು ಗಾಳಿಪಟ ಹಾರಿಸುತ್ತಾರೆ. ಬೀದಿಯ ಪ್ರತಿಯೊಂದು ವಿದ್ಯುತ್ ತಂತಿಗೂ ಹರಿದ ಪಟಗಳು ಜೋತುಬಿದ್ದಿದ್ದವು. ಆಟೋದಿಂದ ಇಳಿಯುವಾಗ ಮಾಂಜಾ ದಾರ ನನ್ನ ಕಾಲಿಗೆ ಸುತ್ತಿಕೊಂಡು, ಅಕ್ಕನ ಬಾಗಿಲಲ್ಲಿ ನಾನು ಚೀಲದ ಸಮೇತ ಮುಗ್ಗರಿಸಿದೆ.

ಒಳಗೆ ಜೋಕಾಲಿಯಲ್ಲಿ ಮಾಮಾ ಕೂತಿದ್ದರು. ಮಾಮಾ ಎಂದರೆ ಅಕ್ಕನ ಗಂಡ. ನಮ್ಮ ಕಡೆ ಹಾಗೆಯೇ ಕರೆಯುತ್ತೇವೆ. ಗುಜರಾತಿನ ಮನೆಗಳಲ್ಲಿ ನಡುಮನೆಯ ಜಂತಿಗೆ ಜೋಕಾಲಿ ಕಟ್ಟಿರುತ್ತಾರೆ. ನಮ್ಮಲ್ಲಿ ಪಂಚಮಿ ಹಬ್ಬದಲ್ಲಿ ಹೆಣ್ಣುಮಕ್ಕಳಿಗಷ್ಟೇ ಸಿಗುವ ಸುಖ ಅಲ್ಲಿ ಮೀಸೆ ಹೊತ್ತ ಗಂಡಸರಿಗೆ ದಿನವೂ ಸಿಗುತ್ತದೆ. ಪೇಪರು ಓದುವುದು, ಚಹಾ ಕುಡಿಯುವುದು, ಮಗಳ ಮದುವೆಯ ಮಾತು ನಡೆಸುವುದು, ಎಲ್ಲವೂ ಅದರ ಮೇಲೆಯೇ. ಮಾಮಾ ರೈಲ್ವೆ ನೌಕರಿಗೆಂದು ಬಂದವರು ಆ ಒಂದು ವಿಷಯದಲ್ಲಿ ಪೂರಾ ಗುಜರಾತಿಯಾಗಿದ್ದರು. ಕಾಲಿನ ಹೆಬ್ಬೆರಳಿಂದ ನೆಲವನ್ನು ಒಂದಿಷ್ಟೇ ಒತ್ತಿ ತೂಗಿಕೊಳ್ಳುತ್ತಿದ್ದ ಅವರ ಠೀವಿ ನನಗೆ ಚಿಕ್ಕಂದಿನಿಂದ ಗೊತ್ತು.

ಈ ಸಲ ಅವರು ತೂಗಿಕೊಳ್ಳುತ್ತಿರಲಿಲ್ಲ. ಅಕ್ಕ ಹಿಂದೆ ನಿಂತು ಮೆಲ್ಲಗೆ ತೂಗುತ್ತಿದ್ದಳು. ಮಾಮಾನ ಕೈಗೆ ಜೋಕಾಲಿಯ ಸರಪಳಿ ಹಿಡಿಯಲು ಆಗುತ್ತಿರಲಿಲ್ಲ. ಅಂಗಿಯ ಗುಂಡಿಯನ್ನೂ ಅಕ್ಕನೇ ಹಾಕಬೇಕಾಗಿತ್ತು.

"ಸುಮಿ, ನೀ ಬಂದಿ, ನನಗ ಧೈರ್ಯ ಬಂತು ನೋಡು," ಎಂದಳು ಅಕ್ಕ.

"ನಿಮ್ಮಕ್ಕ ಹಿಂಗs ಅಂತಾಳ," ಎಂದು ಮಾಮಾ ನಕ್ಕರು. "ನನಗೇನಾಗ್ಯದ? ಕೈಯಿಂದ ಚಹಾದ ಕಪ್ ಬೀಳ್ತದ, ಅಷ್ಟs. ಸ್ಟೀಲಿನ ಲೋಟ ಕೊಟ್ರ ಮುಗೀತು."

ಅಷ್ಟೇ ಆಗಿರಲಿಲ್ಲ. ಕುತ್ತಿಗೆಯ ಎಲುಬಿನಲ್ಲಿ ಎಲ್ಲೋ ನರ ಒತ್ತಿಕೊಂಡಿದೆ, ಬೇಗ ಆಪರೇಷನ್ ಮಾಡದಿದ್ದರೆ ಕೈ ಹೋದಂತೆ ಕಾಲೂ ಹೋಗುತ್ತದೆ, ಹೋದದ್ದು ಮರಳಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಎಲ್ಲಿ ಒತ್ತಿದೆ ಎಂದು ತಿಳಿಯದೆ ಕತ್ತರಿ ಹಿಡಿಯಲು ಅವರು ತಯಾರಿರಲಿಲ್ಲ. ಬೆನ್ನಿಗೆ ಬಣ್ಣದ ಮದ್ದು ಚುಚ್ಚಿ ನೋಡುವ ಹಳೆಯ ರೀತಿ ಮಾಮಾನ ಉಬ್ಬಸಕ್ಕೆ ಅಪಾಯ. ಉಳಿದದ್ದು ಹೊಸದಾಗಿ ಬಂದ ಎಂ.ಆರ್.ಐ. ಯಂತ್ರ. ಯಂತ್ರವೆಂದರೆ ಮನುಷ್ಯನನ್ನು ಒಳಗೆ ತಳ್ಳುವ ಭಾರಿ ಗಾತ್ರದ ಅಯಸ್ಕಾಂತ. ಮಾಮಾನ ತಲೆಯಲ್ಲೋ ಅಂಗೈಯಗಲದ ಲೋಹದ ತಗಡು ಇತ್ತು.

ಅದು ಇಪ್ಪತ್ತೈದು ವರ್ಷದ ಹಿಂದಿನ ಕಥೆ. ಮದುವೆಯಾದ ಎರಡನೇ ವರ್ಷ, ವಡೋದರಾದ ಗೂಡ್ಸ್ ಯಾರ್ಡಿನಲ್ಲಿ ಸರಕು ಎತ್ತುವ ಸರಪಳಿ ಹರಿದು ಮಾಮಾನ ತಲೆಗೆ ಬಡಿಯಿತು. ಒಡೆದ ಎಲುಬನ್ನು ತೆಗೆದು ಆ ಜಾಗಕ್ಕೆ ತಗಡು ಕೂಡಿಸಿದರು. ಚಳಿಗಾಲದಲ್ಲಿ ಆ ತಗಡು ತಣ್ಣಗಾಗಿ ತಲೆ ಸಿಡಿಯುತ್ತದೆಂದು ಮಾಮಾ ಮನೆಯೊಳಗೂ ಮಂಕಿ ಟೋಪಿ ಹಾಕಿಕೊಂಡಿರುತ್ತಿದ್ದರು. ಅದು ಬಿಟ್ಟರೆ ಅವರಿಗೆ ಅದರಿಂದ ಬೇರೆ ತ್ರಾಸಿರಲಿಲ್ಲ.

ನವರಂಗಪುರದ ಸ್ಕ್ಯಾನ್ ಸೆಂಟರಿನಲ್ಲಿ ಫಾರ್ಮು ತುಂಬುವಾಗ ಯಾವ ಲೋಹ ಎಂದು ಕೇಳಿದರಂತೆ. ಅಕ್ಕ ಗಟ್ಟಿಯಾಗಿ "ಚಾಂದಿ" ಎಂದಿದ್ದಾಳೆ. ಡಾಕ್ಟರು ನಕ್ಕರಂತೆ. ಅಕ್ಕನಿಗೆ ಆ ಸಿಟ್ಟು ನಾನು ಹೋದಾಗಲೂ ಇಳಿದಿರಲಿಲ್ಲ.

"ಬೆಳ್ಳೀನs ಅದು. ಅವತ್ತು ಉಳಿದ ತುಂಡು ಆ ದೊಡ್ಡ ಡಾಕ್ಟರು ನನ್ನ ಕೈಯಾಗ ಕೊಟ್ಟಿದ್ರು. ಅಷ್ಟು ಸಣ್ಣದು ಎಷ್ಟು ಭಾರ ಇತ್ತು ಅಂತಿ! ದೇವಿಗೆ ಬೆಳ್ಳಿ ತಲಿ ಮಾಡಿಸಿ ಒಪ್ಪಸ್ತೀನಿ ಅಂತ ಹರಕಿ ಹೊತ್ತಿದ್ದೆ. ಹುಬ್ಬಳ್ಳಿ ಅಕ್ಕಸಾಲಿ ಮುಂಜಾನಿಂದ ಮಧ್ಯಾಹ್ನದ ತನಕಾ ಊದಿದ. ಕರಗವಲ್ತು. ಮೈಮ್ಯಾಲ ನೀಲಿ ಬಣ್ಣ ಬರಿಸಿ ಕೊಟ್ಟ, ಇದು ಬೆಳ್ಳಿ ಅಲ್ಲ ಅಂದ. ಬದಲ ಮಾಡಿರಬೇಕು ಕಳ್ಳ!"

"ಆ ತುಂಡು ಎಲ್ಲಿ ಈಗ?" ಎಂದೆ.

"ಹಂಗs ಹುಂಡ್ಯಾಗ ಹಾಕಿ ಬಂದೆ."

ಹಿಂದೆ ಅಮ್ಮ ಇದನ್ನು ಹೇಳಿಹೇಳಿ ನಮ್ಮ ಓಣಿಯಲ್ಲೆಲ್ಲ ಅಳಿಯನ ತಲೆಯಲ್ಲಿ ಬೆಳ್ಳಿ ಇದೆ ಎಂದು ಜಂಬ ಕೊಚ್ಚಿಕೊಂಡದ್ದು ನೆನಪಾಯಿತು. ಹೈಸ್ಕೂಲಿನಲ್ಲಿ ಹದಿನೈದು ವರ್ಷ ವಿಜ್ಞಾನ ಕಲಿಸಿದ ನಾನೂ ಅದನ್ನು ಒಂದು ಸಲವೂ ಪ್ರಶ್ನಿಸಿರಲಿಲ್ಲ. ನಾಚಿಕೆಯಾಯಿತು.

ಮರುದಿನ ನಾನೇ ಸ್ಕ್ಯಾನ್ ಡಾಕ್ಟರ ಮುಂದೆ ಹೋಗಿ ಕೂತೆ. ನಡುವಯಸ್ಸಿನ ಗುಜರಾತಿ, ಮಾತಿನಲ್ಲಿ ಒಳ್ಳೆಯವರೇ. ನನ್ನನ್ನು ಅಲ್ಲಿಯ ರೂಢಿಯಂತೆ ಬೆನ್, ಅಂದರೆ ಅಕ್ಕಾ, ಎಂದು ಕರೆದು ಹಿಂದಿಯಲ್ಲಿ ಹೇಳಿದರು: "ಬೆನ್, ಆ ಕಾಲದಲ್ಲಿ ಏನೇನೋ ಹಾಕುತ್ತಿದ್ದರು. ಎಕ್ಸ್‌ರೇಯಲ್ಲಿ ಎಲ್ಲ ಲೋಹವೂ ಬೆಳ್ಳಗೇ ಕಾಣುತ್ತದೆ. ಅಯಸ್ಕಾಂತ ಎಳೆಯುವ ಉಕ್ಕಾಗಿದ್ದು ತಲೆಯೊಳಗೆ ಅದು ಅಲುಗಿದರೆ ನಾನು ಯಾರಿಗೆ ಉತ್ತರ ಹೇಳಲಿ? ಅದು ಏನೆಂದು ಬಲ್ಲವರಿಂದ ಬರೆಸಿಕೊಂಡು ಬನ್ನಿ, ಅದೇ ದಿನ ಸ್ಕ್ಯಾನ್ ಮಾಡುತ್ತೇನೆ."

ತಗಡು ಹಾಕಿದ ಸರ್ಜನ್ ತೀರಿಕೊಂಡು ಬಹಳ ವರ್ಷವಾಗಿತ್ತು. ಅವರ ನರ್ಸಿಂಗ್ ಹೋಮ್ ಮುಚ್ಚಿ, ಕಾಗದಪತ್ರ ರದ್ದಿಗೆ ಹೋಗಿದ್ದವು. ಉಳಿದವರು ಒಬ್ಬರೇ, ಅಲ್ಲಿದ್ದ ನರ್ಸ್ ಮಾರ್ಥಾಬೆನ್. ಕ್ರಿಸ್‌ಮಸ್ಸಿಗೊಮ್ಮೆ ಅಕ್ಕನಿಗೆ ಕಾರ್ಡು ಬರೆಯುತ್ತಿದ್ದರು. ಅಕ್ಕ ಮಾಮಾನನ್ನು ಬಿಟ್ಟು ಕದಲುವಂತಿರಲಿಲ್ಲ. ದೊಡ್ಡ ಕಂದು ಲಕೋಟೆಯಲ್ಲಿ ಎಕ್ಸ್‌ರೇ ಹಾಕಿಕೊಂಡು ನಾನೇ ಹೊರಟೆ.

ವಡೋದರಾ

ಈ ಸ್ಟೇಷನ್ನಿನಲ್ಲಿ ನಾನು ಮೊದಲ ಸಲ ಇಳಿದದ್ದು ಹನ್ನೆರಡನೇ ವಯಸ್ಸಿನಲ್ಲಿ, ಅಪ್ಪನ ಬೆರಳು ಹಿಡಿದು. ಮಾಮಾನಿಗೆ ಪೆಟ್ಟು ಬಿದ್ದ ತಂತಿ ಬಂದಾಗ ಮನೆಯಲ್ಲಿ ನನ್ನನ್ನು ಬಿಡಲು ಯಾರೂ ಇರಲಿಲ್ಲ, ಅಮ್ಮ ಕಾಯಿಲೆಬಿದ್ದ ಅಜ್ಜಿಯನ್ನು ನೋಡಿಕೊಳ್ಳಲು ಹೋಗಿದ್ದಳು. ಅಪ್ಪ ದಾರಿಯುದ್ದಕ್ಕೂ ಮಾತಾಡಿರಲಿಲ್ಲ. ಇಳಿದ ಮೇಲೆ ಮಾತ್ರ "ಹಸಿವ್ಯಾಗ್ಯದೇನವಾ?" ಎಂದು ಕೇಳಿ, ಸ್ಟೇಷನ್ ಹೊರಗಿನ ಗಾಡಿಯಲ್ಲಿ ಸೇವು-ಉಸಳ ಕೊಡಿಸಿದ್ದರು. ಕೆಂಪು ಸಾರಿನಲ್ಲಿ ಬಟಾಣಿ, ಮೇಲೆ ಸೇವು. ಕಣ್ಣಲ್ಲಿ ನೀರು ಬರುವಷ್ಟು ಖಾರ. ಗುಜರಾತಿಗಳು ಸಾರಿಗೂ ಬೆಲ್ಲ ಹಾಕುತ್ತಾರೆಂದು ಬೈಯುವ ನಮ್ಮವರು ವಡೋದರಾದಲ್ಲಿ ಇದನ್ನು ತಿಂದಿಲ್ಲ. ಅಂದು ಅಪ್ಪನ ಕಣ್ಣಲ್ಲೂ ನೀರಿತ್ತು. ಅದು ಖಾರಕ್ಕೇ ಬಂದದ್ದು ಎಂದು ನಾನು ಎಷ್ಟೋ ವರ್ಷ ನಂಬಿದ್ದೆ.

ಈ ಸಲವೂ ಒಂದು ಪ್ಲೇಟು ತಿಂದೆ. ಖಾರ ಹಾಗೆಯೇ ಇತ್ತು. ಅಪ್ಪ ಇಲ್ಲದೆ ಎಂಟು ವರ್ಷವಾಗಿತ್ತು.

ಮಾರ್ಥಾಬೆನ್ ಫತೇಗಂಜಿನ ಹಳೆಯ ಹೆಂಚಿನ ಮನೆಯಲ್ಲಿದ್ದರು. ಬಿಳಿ ಸೀರೆ, ಬಿಳಿ ಕೂದಲು, ಇಸ್ತ್ರಿ ಮಾಡಿದಂಥ ಮಾತು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆ. ಅಲ್ಲಿ ಯಾರ ಮನೆಗೆ ಹೋದರೂ ಕೂರುವ ಮೊದಲೇ ನೀರು ಬರುತ್ತದೆ. ಕುಡಿದ ಮೇಲೆಯೇ ಯಾರು, ಯಾಕೆ ಬಂದಿರಿ ಎಂಬ ವಿಚಾರಣೆ. ನಾನು ನೀರು ಕುಡಿಯುತ್ತಿರುವಾಗಲೇ ಓಣಿಯ ನಾಯಿ ನನ್ನ ಒಂದು ಚಪ್ಪಲಿ ಕಚ್ಚಿಕೊಂಡು ಓಡಿತು. ನಾನು ಎದ್ದು ಬೆನ್ನಟ್ಟಲು ಹೋದರೆ ಮಾರ್ಥಾಬೆನ್ ತಣ್ಣಗೆ, "ಬಿಡು, ಅದು ಯಾವಾಗಲೂ ಎಡಗಾಲಿನದನ್ನೇ ಒಯ್ಯುತ್ತದೆ," ಎಂದರು. ಅವರ ನರ್ಸಿನ ಕಾಲದ ಬಿಳಿ ಬೂಟು ನನಗೆ ದಕ್ಕಿತು. ಒಂದು ಅಂಗುಲ ದೊಡ್ಡದು.

ಎಕ್ಸ್‌ರೇ ನೋಡಿದ ಕೂಡಲೇ ಅವರಿಗೆ ಎಲ್ಲ ನೆನಪಾಯಿತು. "ಡಾಕ್ಟರ್ ಸಾಹೇಬರು ವಿಲಾಯತಿಯಲ್ಲಿ ಕಲಿತವರು. ಅಲ್ಲಿ ತಲೆಬುರುಡೆಗೆ ಹಾಕುವ ಲೋಹವೇ ಬೇರೆ. ತರಿಸಲು ತಿಂಗಳುಗಟ್ಟಲೆ ಬೇಕಿತ್ತು. ಆಗ ಊರ ಹೊರಗಿನ ರಸಾಯನ ಕಾರ್ಖಾನೆಯಲ್ಲಿ ಅದೇ ಲೋಹ ಇದೆ ಎಂದು ಗೊತ್ತಾಯಿತು. ಆಸಿಡ್ ಕಾಯಿಸುವ ಕೊಳವೆಗಳಿಗೆ ಅದನ್ನು ಬಳಸುತ್ತಿದ್ದರು. ಅಲ್ಲಿನ ಇಂಜಿನಿಯರು ಸಾಹೇಬರ ಸ್ನೇಹಿತರು. ಬಳಸದೆ ಉಳಿದ ಒಂದು ಹಾಳೆ ಕೊಟ್ಟರು. ನಿಮ್ಮ ತಂದೆ ಬಹಳ ಹೆದರಿದ್ದರು. ಕಾರ್ಖಾನೆಯ ತಗಡನ್ನು ಅಳಿಯನ ತಲೆಗೆ ಹಾಕುತ್ತೀರಾ ಎಂದು ಸಾಹೇಬರನ್ನು ಕೇಳಿದರು. ಸಾಹೇಬರು ಏನು ಮಾಡಿದರು ಗೊತ್ತೇ?"

ಗೊತ್ತಿತ್ತು. ಅವರು ಹೇಳುವ ಮೊದಲೇ ನನಗೆ ನರ್ಸಿಂಗ್ ಹೋಮಿನ ಆ ಕಿಟಕಿ ಕಣ್ಣಿಗೆ ಕಟ್ಟಿತು. ಕಿಟಕಿಯಲ್ಲಿ ಬಿರಡೆ ಹಾಕಿದ ಗಾಜಿನ ಬಾಟಲಿ, ಒಳಗೆ ಹಳದಿ ನೀರು, ತಳದಲ್ಲಿ ಆ ಹಾಳೆಯಿಂದ ಕತ್ತರಿಸಿದ ಬೂದು ಬಣ್ಣದ ಚೂರು. ಮೂರು ದಿನ ಅದನ್ನು ನೋಡುತ್ತ ಕೂತಿದ್ದೆ. ಬಂಗಾರವನ್ನೂ ಕರಗಿಸುವ ಆಸಿಡ್ಡಿನಲ್ಲಿ ಅದು ಹಾಕಿದ ಹಾಗೆಯೇ ಹೊಳೆಯುತ್ತಿತ್ತು. ಮೂರನೇ ದಿನ ಅಪ್ಪ ಒಪ್ಪಿ ಸಹಿ ಹಾಕಿದರು. ಮುಂದೆ ನಾನು ವಿಜ್ಞಾನ ಓದಿದ್ದಕ್ಕೆ ಆ ಬಾಟಲಿಯೇ ಕಾರಣವೋ ಏನೋ. ಆದರೆ ಆ ದ್ರಾವಣದಲ್ಲಿ ಉಕ್ಕು ಕರಗುತ್ತದೆ, ಬೆಳ್ಳಿಯ ಮೇಲೆ ಬಿಳಿ ಹೊಪ್ಪಳೆ ಕಟ್ಟುತ್ತದೆ ಎಂದು ಮಕ್ಕಳಿಗೆ ಪಾಠ ಹೇಳುವಾಗ ಒಂದು ದಿನವೂ ಮಾಮಾನ ತಗಡನ್ನು ಅದಕ್ಕೆ ಜೋಡಿಸಿ ನೋಡಲಿಲ್ಲ.

"ಹೆಸರು?" ಎಂದೆ.

"ಟ್ಯಾಂಟಲಮ್," ಎಂದರು ಮಾರ್ಥಾಬೆನ್. "ಹೊಲಿದ ತಂತಿಯೂ ಅದರದ್ದೇ. ಮೈಗೆ ಹೊಂದಿಕೊಳ್ಳುತ್ತದೆ, ಕೀವು ಕಟ್ಟುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಅಯಸ್ಕಾಂತಕ್ಕೆ ಅಂಟುವುದಿಲ್ಲ ಎಂದೂ ಸಾಹೇಬರು ಹೇಳುತ್ತಿದ್ದರು. ಆದರೆ ನಾನು ನರ್ಸು. ನಾನು ಬರೆದುಕೊಟ್ಟರೆ ಅವರು ಒಪ್ಪುವುದಿಲ್ಲ. ಆ ತಗಡನ್ನು ಬಡಿದು ರೂಪ ಕೊಟ್ಟವನು ಛಗನ್‌ಭಾಯ್. ಕಾರ್ಖಾನೆಯ ಫಿಟ್ಟರ್. ತಲೆಯ ಅಚ್ಚನ್ನು ಪ್ಲಾಸ್ಟರಿನಲ್ಲಿ ತೆಗೆದುಕೊಟ್ಟರೆ, ಮರಳು ಚೀಲದ ಮೇಲೆ ತಗಡಿಟ್ಟು ಮರದ ಸುತ್ತಿಗೆಯಿಂದ ಬಡಿದ. ಈಗ ಸೂರತ್ತಿನಲ್ಲಿ ಮಗನ ಹತ್ತಿರ ಇದ್ದಾನೆ. ಅವನು ಬರೆದರೆ ನಡೆಯುತ್ತದೆ."

ನಮ್ಮ ಶಾಲೆಯ ಗೋಡೆಯ ಮೂಲವಸ್ತುಗಳ ಪಟದಲ್ಲಿ ಎಪ್ಪತ್ತಮೂರನೆಯ ಚೌಕ ಅದು. ಅದರ ಪಾಠ ಯಾವ ತರಗತಿಗೂ ಇಲ್ಲದ್ದರಿಂದ ನಾನು ಅದರ ಕಡೆ ಕೋಲು ತೋರಿಸಿದವಳೇ ಅಲ್ಲ.

ಸೂರತ್ತಿನ ಗಾಡಿ

ಮರುದಿನ ಬೆಳಿಗ್ಗೆ ಹತ್ತಿದ್ದು ದಿನವೂ ಕೆಲಸಕ್ಕೆ ಓಡಾಡುವವರ ಗಾಡಿ. ಹೆಂಗಸರ ಡಬ್ಬಿಯಲ್ಲಿ ಎಲ್ಲರಿಗೂ ಅವರವರ ಜಾಗ ಗೊತ್ತಾಗಿಹೋಗಿದೆ. ನಾನು ಯಾರದೋ ಜಾಗದಲ್ಲಿ ಕೂತೆ. ಆಕೆ ಜಗಳಾಡಲಿಲ್ಲ, ನನ್ನ ಮಡಿಲಿಗೆ ನಮ್ಮ ಅವರೆಯಂಥ ಪಾಪಡಿ ಕಾಯಿ ಒಂದು ರಾಶಿ ಸುರಿದು, "ಬಿಡಿಸಿ," ಎಂದಳು. ಇಡೀ ಡಬ್ಬಿ ಸಂಜೆಯ ಅಡುಗೆಗೆ ತಯಾರಿ ನಡೆಸಿತ್ತು. ಒಬ್ಬಳು ಬೆಳ್ಳುಳ್ಳಿ ಸುಲಿಯುತ್ತಿದ್ದಳು, ಒಬ್ಬಳು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು, ನಡುವೆ ಭಜನೆಯೂ ನಡೆದಿತ್ತು. ನಮ್ಮ ಹುಬ್ಬಳ್ಳಿ ಪ್ಯಾಸೆಂಜರಿನಲ್ಲಾದರೆ ಮೊದಲು ಯಾವೂರು, ಯಾರ ಪೈಕಿ ಎಂದು ಕೇಳುತ್ತಾರೆ. ಇಲ್ಲಿ ನಿಮ್ಮ ಧಂಧೆ ಏನು ಎಂದು ಕೇಳಿದರು. ಮಾಸ್ತರಿಕೆ ಎಂದಾಗ ಪಾಪ ಎಂಬಂತೆ ನೋಡಿ ಒಂದು ಥೇಪಲಾ, ಅವರ ಮೆಂತ್ಯದ ಚಪಾತಿ, ಕೊಟ್ಟರು.

ಲಕೋಟೆ ಅವರ ಕಣ್ಣಿಗೆ ಬಿತ್ತು. ಬೇಡ ಎನ್ನುವುದರೊಳಗೆ ಮಾಮಾನ ತಲೆ ಡಬ್ಬಿಯ ತುಂಬ ಕೈಯಿಂದ ಕೈಗೆ ಹೋಯಿತು. ಎಲ್ಲರೂ ಕಿಟಕಿಯ ಬಿಸಿಲಿಗೆ ಹಿಡಿದು ನೋಡಿದರು. ಬುರುಡೆಯ ಬಲಗಡೆ ಬೆಳ್ಳಗೆ ಹೊಳೆಯುವ ತಗಡನ್ನು ಕಂಡು ಒಬ್ಬಳು ತನ್ನ ಮಾವನ ಮೊಣಕಾಲಿನಲ್ಲೂ ಹೀಗೇ ಇದೆ ಎಂದಳು. ಇನ್ನೊಬ್ಬಳು ತಲೆನೋವಿಗೆ ಹಿಂಗು ಹಚ್ಚಲು ಹೇಳಿದಳು. ಮೂರನೆಯವಳು ಮಾತ್ರ ಸುಮ್ಮನೆ ನೋಡಿ, "ಬದುಕಿದ್ದಾರಲ್ಲ?" ಎಂದಳು. ಹೂಂ ಎಂದೆ. ಆಕೆ ಎಕ್ಸ್‌ರೇಗೆ ಕೈಮುಗಿದು ವಾಪಸು ಕೊಟ್ಟಳು. ಅಂಚಿಗೆ ಥೇಪಲಾದ ಎಣ್ಣೆ ಹತ್ತಿತ್ತು, ನಾನು ಸೆರಗಿನಿಂದ ಒರೆಸಿದೆ. ಸೂರತ್ ಬರುವಷ್ಟರಲ್ಲಿ ಎರಡು ಕಿಲೋ ಕಾಯಿ ಬಿಡಿಸಿ ನನ್ನ ಉಗುರು ಹಸಿರಾಗಿತ್ತು.

ಪಾಂಡೇಸರಾ

ಸೂರತ್ತಿನ ಅಂಚಿನಲ್ಲಿ ಸೀರೆಗೆ ಬಣ್ಣ ಹಾಕುವ ಗಿರಣಿಗಳ ಪಾಂಡೇಸರಾದಲ್ಲಿ ಗಟಾರದ ನೀರು ಬೆಳಿಗ್ಗೆ ಗುಲಾಬಿ, ಮಧ್ಯಾಹ್ನ ಹಸಿರು. ಅಂದು ಯಾವ ಬಣ್ಣದ ಸೀರೆ ಅದ್ದುತ್ತಿದ್ದಾರೆಂದು ಗಟಾರ ನೋಡಿಯೇ ತಿಳಿಯುತ್ತಿತ್ತು. ಗಂಟಲಿಗೆ ಇಳಿಯುವ ಆಸಿಡ್ಡಿನ ವಾಸನೆ. ಸ್ಟಾಫ್ ರೂಮಿನ ನನ್ನ ಗೆಳತಿಯರು ಆಸೆಪಡುವ ಸೀರೆಗಳು ಇಲ್ಲಿಂದಲೇ ಬರುತ್ತವೆ ಎಂದು ನೆನೆಸಿಕೊಂಡು, ದೊಡ್ಡ ಬೂಟು ಎಳೆಯುತ್ತ ಗಿರಣಿಗಳ ನಡುವೆ ವಿಳಾಸ ಹುಡುಕಿದೆ.

ಛಗನ್‌ಭಾಯ್ ಒಂದು ಶೆಡ್ಡಿನ ಒಳಗೆ, ಆಳೆತ್ತರದ ಕಬ್ಬಿಣದ ಪಾತ್ರೆಯೊಳಗೆ ತಲೆ ತೂರಿಸಿ ನಿಂತಿದ್ದರು. ಎಪ್ಪತ್ತರ ಹತ್ತಿರದ ಸಣಕಲ ಮನುಷ್ಯ. ಅಂಗಿಯ ಜೇಬಿನಲ್ಲಿ ಕಿವಿ ಕೇಳುವ ಯಂತ್ರ, ಅದರ ತಂತಿ ಎಡಗಿವಿಗೆ. ಜೀವಮಾನವೆಲ್ಲ ತಗಡು ಬಡಿದು ಕಿವಿ ಹೋಗಿತ್ತು. ನಾನು ಬಂದ ಕಾರಣವನ್ನು ಮೂರು ಸಲ ಕೂಗಿ ಹೇಳಿದೆ. ಅವರು ಆತುರಪಡಲಿಲ್ಲ. ಮೊದಲು ನೀರು, ಆಮೇಲೆ ತಟ್ಟೆಯಲ್ಲಿ ಚಹಾ.

"ಟ್ಯಾಂಟಲಮ್ ನೋಡಬೇಕೇ?" ಎಂದು ನನ್ನನ್ನು ಆ ಪಾತ್ರೆಯ ಬಾಯಿಗೆ ಕರೆದರು. ಒಳಮೈಗೆ ಕಡುನೀಲಿ ಗಾಜಿನ ಲೇಪ. ನಮ್ಮ ಮನೆಯ ಇನಾಮೆಲ್ ಮಗ್ಗಿನಂತೆಯೇ, ಆದರೆ ಬಣ್ಣದ ರಸಾಯನ ಕುದಿಸಲು. ಗಾಜಿನಲ್ಲಿ ಕಡಲೆಕಾಳಿನಷ್ಟು ಚಕ್ಕೆ ಎದ್ದರೂ ಆಸಿಡ್ಡು ಒಳಗಿನ ಕಬ್ಬಿಣವನ್ನು ತಿಂದುಬಿಡುತ್ತದೆಯಂತೆ. ಪಾತ್ರೆಯನ್ನೇ ಎಸೆಯುವ ಬದಲು ಚಕ್ಕೆ ಎದ್ದಲ್ಲಿ ತೂತು ಕೊರೆದು, ಟ್ಯಾಂಟಲಮ್ಮಿನ ಗುಂಡಿ ಕೂಡಿಸಿ ಬಿಗಿಯುತ್ತಾರೆ. ಬೂದುನೀಲಿಯ ಒಂದು ಗುಂಡಿಯನ್ನು ನನ್ನ ಅಂಗೈಯಲ್ಲಿಟ್ಟರು. ಅಷ್ಟು ಪುಟ್ಟದು ಕೈಯನ್ನು ಕೆಳಗೆ ಜಗ್ಗಿತು. ಕಿವಿಯ ಯಂತ್ರ ತಟ್ಟಿ, "ಇದರ ಒಳಗೂ ಇದೆ, ಒಂದು ಸಾಸಿವೆಯಷ್ಟು. ರೇಡಿಯೋ ರಿಪೇರಿ ಮಾಡುವವರಿಗೆ ಗೊತ್ತು," ಎಂದರು.

ಆಮೇಲೆ ಎಕ್ಸ್‌ರೇಯನ್ನು ಬಾಗಿಲ ಬೆಳಕಿಗೆ ಹಿಡಿದರು. ನೋಡುತ್ತ ನೋಡುತ್ತ ಮುಖ ಎಳೆಯದಾಯಿತು. "ನನ್ನದೇ. ಅಂಚನ್ನು ಹೀಗೆ ಒಳಕ್ಕೆ ಮಡಿಸಿದವನು ನಾನೊಬ್ಬನೇ. ಭಾಯ್ ಇಷ್ಟು ವರ್ಷ ಬದುಕಿದ್ದಾರೆ! ಮಕ್ಕಳು?"

"ಒಬ್ಬ ಮಗಳು. ಮದುವೆಯಾಗಿ ನಾಗಪುರದಲ್ಲಿದ್ದಾಳೆ."

ಅವರು ಕಾಗದ ತೆಗೆದು ಗುಜರಾತಿಯಲ್ಲಿ ಬರೆಯಲು ಶುರು ಮಾಡಿದರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಸಂಜೆಯ ಗಾಡಿ ಹಿಡಿದರೆ ನಾಳೆಯೇ ಸ್ಕ್ಯಾನ್ ಎಂದು ಲೆಕ್ಕ ಹಾಕಿದೆ. ಸಹಿ ಹಾಕುವ ಜಾಗಕ್ಕೆ ಬಂದು ಪೆನ್ನು ನಿಂತಿತು.

"ಒಂದು ಮಾತಿದೆ, ಬೆನ್."

ಈ ಲೋಹ ಮೆದು, ಆದರೆ ಜಿಗುಟು. ಉಕ್ಕನ್ನು ಕೊರೆದಂತೆ ಕೊರೆದರೆ ಬೈರಿಗೆಯ ಅಲಗಿಗೆ ಅಂಟಿಕೊಂಡು ಅದನ್ನೇ ಮುರಿಯುತ್ತದೆಯಂತೆ. ಅಂದು ಅವರಿಗೆ ಅದು ಗೊತ್ತಿರಲಿಲ್ಲ. ಹೊಲಿಗೆಯ ತಂತಿಗಾಗಿ ಅಂಚಿನಲ್ಲಿ ಎಂಟು ತೂತು ಕೊರೆಯಬೇಕಿತ್ತು. ಎಂಟನೆಯದರಲ್ಲಿ ಬೈರಿಗೆಯ ಮೊನೆ ಮುರಿದು ತಗಡಿನಲ್ಲೇ ಉಳಿಯಿತು. ಉಕ್ಕಿನ ಮೊನೆ. ಆಸ್ಪತ್ರೆಯಿಂದ ಜೀಪು ಬಂದು ನಿಂತಿತ್ತು.

"ಮುರಿದದ್ದು ನೆನಪಿದೆ. ತೆಗೆದದ್ದು ನೆನಪಿಗೆ ಬರುತ್ತಿಲ್ಲ," ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಅದನ್ನು ಮುಚ್ಚಿಡುವುದಿಲ್ಲ. ಇಷ್ಟು ದೂರ ಬಂದದ್ದು ಒಂದು ಸಹಿಗಾಗಿ. ಇಪ್ಪತ್ತೈದು ವರ್ಷದ ಹಿಂದಿನ ಸಾಸಿವೆಕಾಳಿನಷ್ಟು ಮೊನೆಯನ್ನು ಈಗ ಯಾರು ಕೇಳಿದರು? "ತೆಗೆದೇ ಇರುತ್ತೀರಿ, ಬರೆದುಬಿಡಿ," ಎಂದು ಗದರಿದೆ. ಗುಜರಾತಿಯಲ್ಲಿ 'ಮಾಮಾ' ಎಂದರೆ ತಾಯಿಯ ಅಣ್ಣ ಅಥವಾ ತಮ್ಮ ಎಂಬುದನ್ನೂ ಮರೆತು, "ಮಾಮಾನ ಕೈಕಾಲು ಹೋಗುತ್ತಿವೆ," ಎಂದು ಅತ್ತೆ. ಅವರು ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿದರು.

"ಗೊತ್ತಿದ್ದಷ್ಟನ್ನು ಡಾಕ್ಟರ ಮುಂದೆಯೇ ಹೇಳುತ್ತೇನೆ. ನಾನೂ ಬರುತ್ತೇನೆ," ಎಂದರು.

ಅಂದು ಅವರ ಸೊಸೆ ನನ್ನನ್ನು ಮನೆಯಲ್ಲಿ ಉಳಿಸಿಕೊಂಡು ಊಟಕ್ಕೆ ಬಡಿಸಿದಳು. ಅದೇ ಪಾಪಡಿ, ಗೆಣಸು, ಬದನೆ ಕೂಡಿಸಿದ ಉಂಧಿಯು ಪಲ್ಯ. ಬಾಯಿಗೆ ರುಚಿ ಹತ್ತಲಿಲ್ಲ.

ಮರಳಿ ಅಹಮದಾಬಾದ್

ಗಾಡಿಯಲ್ಲಿ ನಾನು ಅವರ ಜೊತೆ ಮಾತಾಡಲಿಲ್ಲ. ಅವರೂ ಕಿವಿಯ ಯಂತ್ರ ಬಂದ್ ಮಾಡಿ ಕಿಟಕಿಯಾಚೆ ನೋಡುತ್ತಿದ್ದರು. ಬಲಗೈಯ ಬೆರಳುಗಳು ಮಾತ್ರ ಮೊಣಕಾಲಿನ ಮೇಲೆ ಏನನ್ನೋ ಕೊರೆಯುತ್ತಿದ್ದವು, ತಿರುವುತ್ತಿದ್ದವು, ಮತ್ತೆ ಕೊರೆಯುತ್ತಿದ್ದವು.

ಹಿಂದಿನ ರಾತ್ರಿ ನಾನು ಎಸ್.ಟಿ.ಡಿ. ಬೂತಿನಿಂದ ತಿಳಿಸಿದಂತೆ ಅಕ್ಕ ಮಾಮಾನನ್ನು ಆಟೋದಲ್ಲಿ ನೇರವಾಗಿ ಸ್ಕ್ಯಾನ್ ಸೆಂಟರಿಗೇ ಕರೆತಂದಿದ್ದಳು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರು. ಛಗನ್‌ಭಾಯ್ ಕೈಕಟ್ಟಿ ನಿಂತು ಎಲ್ಲವನ್ನೂ ಹೇಳಿದರು: ಹಾಳೆ ಎಲ್ಲಿಯದು, ಹೇಗೆ ಬಡಿದದ್ದು, ಮೊನೆ ಹೇಗೆ ಮುರಿದದ್ದು. ನಾನು ನೆಲ ನೋಡುತ್ತ ನಿಂತಿದ್ದೆ. ಎಲ್ಲ ಮುಗಿಯಿತು ಎಂದುಕೊಂಡೆ.

ಡಾಕ್ಟರು ಭೂತಗನ್ನಡಿ ತೆಗೆದರು. ತಗಡಿನ ಅಂಚಿನಲ್ಲಿ ಒಂದೊಂದೇ ತೂತನ್ನು ಎಣಿಸಿದರು. ಏಳು ತೂತು ಪುಟ್ಟವು. ಎಂಟನೆಯದು ಉಳಿದವಕ್ಕಿಂತ ದೊಡ್ಡದು, ಉದ್ದುದ್ದ, ಅಂಕುಡೊಂಕು.

"ಇದು ಯಾಕೆ ಹೀಗಿದೆ?" ಎಂದರು.

ಛಗನ್‌ಭಾಯ್ ಮುಂದೆ ಬಂದು ಕನ್ನಡಿಯಲ್ಲಿ ಕಣ್ಣಿಟ್ಟರು. ಬಹಳ ಹೊತ್ತು ನೋಡಿದರು. "ಉಳಿ," ಎಂದರು ಮೆಲ್ಲಗೆ. "ಸಣ್ಣ ಉಳಿಯಿಂದ ಸುತ್ತಲೂ ಕೆತ್ತಿದ್ದೇನೆ. ಮೊನೆಯನ್ನು ತಗಡಿನ ಚೂರಿನ ಸಮೇತ ಕಿತ್ತಿದ್ದೇನೆ. ನೋಡಿ, ಉಳಿಯ ನಾಲ್ಕು ಪೆಟ್ಟು. ಇದನ್ನು ನನ್ನ ಕೈ ಮಾಡಿದೆ, ತಲೆ ಮರೆತುಬಿಟ್ಟಿದೆ."

ಡಾಕ್ಟರು ಮತ್ತೆ ನೋಡಿದರು. ಹೊಲಿಗೆ ತಂತಿಯ ಎಳೆ ಬಿಟ್ಟರೆ ಆ ತೂತು ಖಾಲಿಯಾಗಿತ್ತು, ಕಪ್ಪಗಿತ್ತು. ಒಳಗೆ ಉಕ್ಕಿನ ಚೂರಿದ್ದರೆ ಬೆಳ್ಳಗೆ ಕಾಣಬೇಕಿತ್ತು. ಅವರು ಕನ್ನಡಿ ಕೆಳಗಿಟ್ಟು ಮುದುಕನನ್ನೇ ನೋಡಿದರು. "ಕಾಕಾ, ನೀವು ಹೇಳದಿದ್ದರೆ ನಾನು ಕೇಳುತ್ತಲೇ ಇರಲಿಲ್ಲ. ಯಾಕೆ ಹೇಳಿದಿರಿ?"

"ಆಸಿಡ್ಡಿನ ಕೆಲಸ, ಸಾಹೇಬ್. ಕೆಟ್ಟ ಬೆಸುಗೆಯನ್ನು ಮುಚ್ಚಿಟ್ಟರೆ ಮುಂದಿನ ಪಾಳಿಯವನ ಕಣ್ಣು ಹೋಗುತ್ತದೆ."

ಡಾಕ್ಟರು ಮಾಮಾನ ಕಡೆ ತಿರುಗಿ, ತಮಗೆ ಒಪ್ಪಿಗೆಯಿದೆ, ಆದರೂ ಕಡೆಯ ಮಾತು ನಿಮ್ಮದೇ ಎಂದರು. ಅಕ್ಕನ ಮುಖ ಬಿಳಿಚಿಕೊಂಡಿತ್ತು. "ಬ್ಯಾಡ್ರೀ," ಎಂದಳು. "ನನಗ ಹೆದರಿಕಿ ಆಗ್ತದ."

ಮಾಮಾ ನಗಲಿಲ್ಲ. ಆ ವಾರದಲ್ಲಿ ಮೊದಲ ಸಲ ಅವರು ತಮಾಷೆ ಬಿಟ್ಟು ಮಾತಾಡಿದರು. "ಮುಚ್ಚಿಡಬಹುದಿತ್ತು, ಹೇಳ್ಯಾನ ಈ ಮನಷ್ಯಾ. ಇವನ ಮಾತ ನಂಬಲಿಲ್ಲಂದ್ರ ಇನ್ನ ಯಾರ ಮಾತ ನಂಬಲಿ? ಒಳಗ ಹೋಗ್ತೇನಿ."

ನನಗೆ ನನ್ನ ಬಗ್ಗೆಯೇ ಹೇಸಿಗೆಯಾಯಿತು. ನಾನು ಸೂರತ್ತಿನಲ್ಲಿ ಬೇಡಿದ ಸಹಿ ಸಿಕ್ಕಿದ್ದರೆ, ಒಳಗೆ ಹೋಗುವವರಿಗೂ ಕಳಿಸುವವರಿಗೂ ಆ ಮೊನೆಯ ಸುದ್ದಿಯೇ ತಿಳಿಯುತ್ತಿರಲಿಲ್ಲ.

ಮಾಮಾನನ್ನು ಒಳಗೆ ಕರೆದೊಯ್ದು ಬಾಗಿಲು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಯಂತ್ರದ ಬಡಿತ ಶುರುವಾಯಿತು. ಠಕ್ ಠಕ್ ಠಕ್ ಎಂದು, ಕಮ್ಮಾರಸಾಲೆ ಪಕ್ಕದಲ್ಲಿದ್ದಂತೆ. ಛಗನ್‌ಭಾಯ್‌ಗೆ ಅದು ಕೇಳಿಸುತ್ತಿರಲಿಲ್ಲ, ಅಯಸ್ಕಾಂತ ಹತ್ತಿರವಿದೆಯೆಂದು ಕಿವಿಯ ಯಂತ್ರ ತೆಗೆಸಿದ್ದರು. ಅವರು ಎದ್ದು ಹೋಗಿ ಗೋಡೆಗೆ ಅಂಗೈ ಇಟ್ಟರು. ಬಡಿತ ನಿಂತಾಗಲೆಲ್ಲ ನನ್ನ ಕಡೆ ತಿರುಗಿ ನೋಡುತ್ತಿದ್ದರು, ಮತ್ತೆ ಶುರುವಾದಾಗ ಗೋಡೆಯ ಕಡೆ ತಿರುಗುತ್ತಿದ್ದರು. ಅಕ್ಕ ಕಣ್ಣುಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು. ಮುಕ್ಕಾಲು ಗಂಟೆ ಹಾಗೆ ಹೋಯಿತು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಒತ್ತಿದ ಜಾಗ ಚಿತ್ರದಲ್ಲಿ ಸ್ಪಷ್ಟವಾಗಿ ಸಿಕ್ಕಿತು. ಎರಡು ವಾರದಲ್ಲಿ ಆಪರೇಷನ್ ಆಯಿತು. ಮಾಮಾನ ಕೈಬರಹ ಕೊನೆಗೂ ನೆಟ್ಟಗಾಗಲಿಲ್ಲ. ಆದರೆ ಅಂಗಿಯ ಗುಂಡಿ ತಾವೇ ಹಾಕಿಕೊಳ್ಳುವಂತಾದರು, ಕೆರೆಯತನಕ ನಡೆದುಹೋಗಿ ಎಮ್ಮೆಗಳನ್ನು ನೋಡಿ ಬರುತ್ತಿದ್ದರು. ಹಾಗೆ ಹತ್ತು ವರ್ಷ ಬದುಕಿದರು. ಈಗ ಅಕ್ಕನೂ ಇಲ್ಲ. ಆ ಊರುಗಳಿಗೆ ಹೋಗಲು ನನಗೆ ಕಾರಣವೂ ಉಳಿದಿಲ್ಲ. ಆದರೂ ಗುಜರಾತ್ ಎಂದು ಯಾರಾದರೂ ಅಂದರೆ ನನ್ನ ಕಣ್ಣಿಗೆ ಬರುವುದು ಸ್ಕ್ಯಾನ್ ಸೆಂಟರಿನ ಆ ಓಣಿಯಂಥ ವರಾಂಡವೇ.

ಮಾಮಾ ಹೊರಗೆ ಬಂದು ಬೆಂಚಿನ ಮೇಲೆ ಕೂತರು. ತಲೆಯಲ್ಲಿ ಏನಾದರೂ ಎಳೆದಂತಾಯಿತೇ ಎಂದು ಡಾಕ್ಟರು ಕೇಳಿದರು. "ಏನೂ ಇಲ್ಲ. ತಗಡು ಸುಮ್ಮನೆ ಮಲಗಿತ್ತು," ಎಂದು ಮಾಮಾ ಹಿಂದಿಯಲ್ಲಿ ಹೇಳಿದರು. ಛಗನ್‌ಭಾಯ್‌ಗೆ ಕೇಳಿಸಲೆಂದು ಅದನ್ನೇ ಇನ್ನೊಮ್ಮೆ ಜೋರಾಗಿ ಹೇಳಿದರು.

ಮುದುಕ ಹತ್ತಿರ ಬಂದರು. ಕೇಳಲೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ಕೇಳಿದರು. "ಒಂದು ಸಲ ಮುಟ್ಟಿ ನೋಡಲೇ, ಭಾಯ್?"

ಆ ಜಾಗವನ್ನು ಮಾಮಾ ಇಷ್ಟು ವರ್ಷ ಯಾರಿಗೂ ಮುಟ್ಟಗೊಟ್ಟಿರಲಿಲ್ಲ, ತನಗೂ ಸಹ, ಎಂದು ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು. ಮಾಮಾ ಟೋಪಿ ತೆಗೆದು ತಲೆ ಬಗ್ಗಿಸಿದರು.

ಛಗನ್‌ಭಾಯ್ ನರೆತ ಕೂದಲಿನ ಮೇಲೆ ಅಂಗೈ ಇಟ್ಟರು. ಹೆಬ್ಬೆರಳು ಅಂಚನ್ನು ಹುಡುಕಿತು, ಅದರ ಗುಂಟ ಮೆಲ್ಲಗೆ ಹೋಯಿತು. "ನಾನು ಮಾಡಿದ ಕೊಳವೆ, ಪಾತ್ರೆ, ಎಲ್ಲ ಗುಜರಿಗೆ ಹೋದವು," ಎಂದರು. "ಇದೊಂದು ಇನ್ನೂ ಕೆಲಸದಲ್ಲಿದೆ." ಆಮೇಲೆ ಕೈಯನ್ನು ಅಲ್ಲೇ ಇಟ್ಟುಕೊಂಡು, ನಮಗಲ್ಲ, ತಮಗೇ ಹೇಳಿಕೊಂಡರು. "ಜೀಪಿನವನ ಕೈಗೆ ಕೊಡುವಾಗ ತಣ್ಣಗಿತ್ತು. ಈಗ ಬೆಚ್ಚಗಿದೆ."

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಮಾಮಾ ತಲೆ ಎತ್ತಲಿಲ್ಲ. ಆ ಕೈ ತಾನಾಗಿಯೇ ಹಿಂದೆ ಸರಿಯುವತನಕ ಹಾಗೆಯೇ ಬಗ್ಗಿ ಕೂತಿದ್ದರು.